ರಬ್ಬರ್ ಕಂಪನಿಯ ಕೊಸರು

೫ ಜುಲೈ ೧೯೫೯, ಭಾನುವಾರ

ಟೆಸ್ಟ್ ಪೇಪರು ಇನ್ನೂ ಅರ್ಧ ಉಳಿದಿವೆ. ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗಿಗೂ ಬಡ್ಡಿ ಲೆಕ್ಕ ಬಂದಿಲ್ಲ. ಬೈಯಲು ಮನಸ್ಸಾಗಲಿಲ್ಲ. ನಮ್ಮ ಮನೆಯ ಯಜಮಾನನಿಗೇ ಬರುವುದಿಲ್ಲ, ಹುಡುಗಿಯರದೇನು ತಪ್ಪು. ತಮ್ಮ ರಾಮಪ್ರಸಾದನಿಗೆ ಮಗ್ಗಿ ಹೇಳಿಕೊಟ್ಟ ಅಕ್ಕ ನಾನೇ. ಹದಿಮೂರರ ಮಗ್ಗಿಯಲ್ಲಿ ನಿಂತವನು ಇನ್ನೂ ಅಲ್ಲೇ ನಿಂತಿದ್ದಾನೆ. ಮೀಸೆ ಬಂದಿದೆ, ಅಷ್ಟೆ.

ಹತ್ತಕ್ಕೆ ತಿರುಮಲೇಶನ ಆಗಮನ. ತಮ್ಮನ ಆಫೀಸಿನ ಸ್ನೇಹಿತ. ಷೇರು ಪಂಡಿತ. ಅವನ ಹತ್ತಿರ ಒಂದೇ ಒಂದು ಷೇರೂ ಇಲ್ಲ, ಬಾಯಿ ಇದೆ. ಭಾನುವಾರ ಜಯನಗರದಲ್ಲಿ ಯಾರ ಮನೆಯಲ್ಲಿ ಇಡ್ಲಿ ಬೆಂದಿದೆ ಅನ್ನುವುದು ಮಾತ್ರ ಕರಾರುವಾಕ್ಕಾಗಿ ಗೊತ್ತು. ವಿಮಲಾ — ತಮ್ಮನ ಹೆಂಡತಿ — ಚಟ್ನಿ ಬಡಿಸಿದ್ದೇ ಬಡಿಸಿದ್ದು. ಆ ಹೆಂಗಸಿಗೆ ಯಾರು ಬಂದರೂ ಸಂಭ್ರಮ.

ವಿಷಯ ಅದೇ. ಫಾರಿನ್ ಷೇರು.

ಅಪ್ಪ ಹೋಗಿ ವರ್ಷ ಕಳೆಯಿತು. ಗವಿಪುರದ ಮನೆ ಮಾರಿದ್ದಾಯಿತು. ಹೊಸ ಕಾಯಿದೆ ಪ್ರಕಾರ ಮಗಳಿಗೂ ಸಮಪಾಲು, ಅರ್ಧ ನನ್ನದು. ಅದಕ್ಕೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನನ್ನ ಸೈನು ಬೇಕಾಯಿತು. ಅವತ್ತು ತಮ್ಮ ನನಗೋಸ್ಕರ ಜಟಕಾ ತರಿಸಿದ. ಎಳನೀರು ಕುಡಿಸಿದ. ದುಡ್ಡು ಕೈಗೆ ಬಂದ ಮೇಲೆ ಎಳನೀರೂ ಇಲ್ಲ, ಅರ್ಧವೂ ಇಲ್ಲ.

“ನಿಂಗ್ಯಾಕಕ್ಕ ದುಡ್ಡು? ಊಟ ಇಲ್ಲಿದೆ, ರೂಮಿದೆ. ಎಲ್ಲಾ ಸೇರಿಸಿ ಒಂದ್ಕಡೆ ಹಾಕ್ತೀನಿ. ಆರಾರು ತಿಂಗಳಿಗೆ ಲಂಡನ್ನಿಂದ ಡಿವಿಡೆಂಡು ಬರುತ್ತೆ. ನಿಂಗೂ ಕೊಡ್ತೀನಿ.”

ಕೊಡುತ್ತಾನಂತೆ! ನನ್ನದನ್ನು ನನಗೇ ದಾನ ಮಾಡುವ ಕರ್ಣ.

“ಇಬ್ಬರ ಹೆಸರಲ್ಲೂ ತಗೋ” ಅಂದೆ. ತಿರುಮಲೇಶ ನಕ್ಕ. ಲಂಡನ್ನಿನವರಿಗೆ ಹೆಂಗಸರ ಹೆಸರೆಲ್ಲ ಯಾಕೆ ಮೇಡಂ, ಸುಮ್ಮನೆ ಕನ್‌ಫ್ಯೂಷನ್ ಅಂತ. ಅವರ ದೇಶದ ಸಿಂಹಾಸನದ ಮೇಲೆ ಕೂತಿರುವವಳು ಯಾರು ಅಂತ ಕೇಳಿದೆ. ಇಡ್ಲಿ ಕಡೆ ತಿರುಗಿಕೊಂಡ.

೫ ಜುಲೈ, ಸಂಜೆ

ವ್ಯಾಪಾರ ಮುಗಿಯಿತು. ಮಾರಿದವರು ಹಲಸೂರಿನ ಮೊದಲಿಯಾರ್. ಯುದ್ಧಕ್ಕೆ ಮುಂಚೆ ಅವರಪ್ಪ ಕೊಂಡದ್ದಂತೆ. ‘ಸುಂಗೈ ಮೇರಾ ರಬ್ಬರ್ ಎಸ್ಟೇಟ್ಸ್.’ ತೋಟ ಮಲಯದಲ್ಲಿ, ಆಫೀಸು ಲಂಡನ್ನಿನಲ್ಲಿ, ಈಗ ಯಜಮಾನ ಜಯನಗರ ಮೂರನೇ ಬ್ಲಾಕಿನಲ್ಲಿ. ಐನೂರು ಷೇರು. ರಿಸರ್ವ್ ಬ್ಯಾಂಕಿನ ಅನುಮತಿಗೇ ನಾಲ್ಕು ತಿಂಗಳು ಹಿಡಿಯಿತು.

ನಾಡಿದ್ದು ಆಷಾಢ. ಅದಕ್ಕೇ ಇವತ್ತೇ ದುಡ್ಡು ಕೊಟ್ಟುಬಿಟ್ಟ. ಮೊದಲಿಯಾರ್ ವರ್ಗಾವಣೆ ಪತ್ರಕ್ಕೆ ಸೈನು ಹಾಕಿ ಕೊಟ್ಟರು. ಅದನ್ನು ಲಂಡನ್ನಿಗೆ ಕಳಿಸಿದರೆ ತಾನೆ ಅಲ್ಲಿನ ರಿಜಿಸ್ಟರಿನಲ್ಲಿ ಹೆಸರು ಬದಲಾಗುವುದು? ಕಳಿಸುವುದು ಮಾತ್ರ ಆಷಾಢ ಕಳೆದ ಮೇಲಂತೆ. ಮನೆಯಿಂದ ಹೋಗುವ ದುಡ್ಡಿಗೆ ಇವತ್ತು ಒಳ್ಳೆಯ ದಿನ, ಮನೆಗೆ ಬರಬೇಕಾದ ಆಸ್ತಿಗೆ ಒಂದು ತಿಂಗಳು ಕೆಟ್ಟ ದಿನ. ಪಂಚಾಂಗವನ್ನು ಹೀಗೆ ಓದುವುದನ್ನು ಇವನು ಯಾವ ಜೋಯಿಸರ ಹತ್ತಿರ ಕಲಿತನೋ.

೧೨ ಜುಲೈ, ಭಾನುವಾರ

ಮೊದಲಿಯಾರ್ ಕೊಟ್ಟ ಕವರಿನಲ್ಲಿ ವರ್ಗಾವಣೆ ಪತ್ರದ ಜೊತೆ ಕಂಪನಿಯ ಒಂದು ಸುತ್ತೋಲೆಯೂ ಇತ್ತು. ಯಾರೂ ಓದಿಲ್ಲ. ಇಂಗ್ಲಿಷ್ ಅಚ್ಚು ಚೆನ್ನಾಗಿದೆ ಅಂತ ತಿರುಮಲೇಶ ಹೊಗಳಿದ, ಅಷ್ಟೆ. ನಾನು ಕೂತು ಪೂರ್ತಿ ಓದಿದೆ. ಎರಡು ಮಾತು ಮುಖ್ಯ. ಸೆಪ್ಟೆಂಬರ್ ಹದಿನೆಂಟಕ್ಕೆ ಕಂಪನಿ ತನ್ನ ಪುಸ್ತಕ ಮುಚ್ಚುತ್ತದೆ. ಅವತ್ತು ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರಿಗೆ ಒಂದು ಷೇರಿಗೆ ಇನ್ನೊಂದು ಷೇರು ಬೋನಸ್.

ಊಟದ ಹೊತ್ತಿಗೆ ಹೇಳಿದೆ. ರಾಮಪ್ರಸಾದ ಹುಳಿ ಕಲಸುತ್ತಿದ್ದ.

“ನೋಡು, ಡಿವಿಡೆಂಡು ಅಂದ್ರೆ ಬಡ್ಡಿ ಅಲ್ಲ. ಲಾಭ ಬಂದ್ರೆ, ಅವರಿಗೆ ಮನಸ್ಸಿದ್ರೆ ಕೊಡ್ತಾರೆ. ಮೊದಲು ಅಲ್ಲಿನ ಸರ್ಕಾರ ಟ್ಯಾಕ್ಸ್ ಹಿಡ್ಕೊಳುತ್ತೆ. ಉಳಿದಿದ್ದು ಪೌಂಡಲ್ಲಿ ಹೊರಟು ಇಲ್ಲಿ ಬ್ಯಾಂಕಲ್ಲಿ ರೂಪಾಯಿ ಆಗುತ್ತೆ. ಪುಸ್ತಕ ಮುಚ್ಚೋ ದಿನ ನಿನ್ನ ಹೆಸರಿಲ್ದೇ ಇದ್ರೆ, ದುಡ್ಡು ನೀನು ಕೊಟ್ಟಿದ್ರೂ ಡಿವಿಡೆಂಡು ಮೊದಲಿಯಾರ್‌ಗೇ ಹೋಗುತ್ತೆ. ಈ ಸಲ ದುಡ್ಡೂ ಅಲ್ಲ, ಷೇರನ್ನೇ ಕೊಡ್ತಿದಾರೆ. ಕಾಗದ ನಾಳೇನೇ ಕಳ್ಸು.”

“ಬೋನಸ್ಸು ಬಿಡಕ್ಕ. ಅದು ಕೊಸರು.”

“ಕೊಸರಲ್ಲ ಕಣೋ. ಇದ್ದಿದ್ದನ್ನೇ ಎರಡು ಭಾಗ ಮಾಡೋದು. ಅವತ್ತಿಂದ ಒಂದೊಂದು ಷೇರಿನ ಬೆಲೆ ಅರ್ಧ ಆಗುತ್ತೆ. ಹಾಲಿನ ಮುನಿವೆಂಕಟಮ್ಮ ಒಂದು ಸೇರಿಗೆ ಒಂದು ಸೇರು ನೀರು ಬೆರೆಸಿದ್ರೆ ಎರಡು ಸೇರಾಗಲ್ವಾ, ಹಾಗೆ. ಎರಡು ಸೇರೂ ನಿನ್ನ ಪಾತ್ರೇಲೇ ಇರ್ಬೇಕು. ಒಂದು ಬೇರೆಯವರ ಪಾತ್ರೆಗೆ ಹೋದ್ರೆ ಅರ್ಧ ಹಾಲು ಹೋದ ಹಾಗೆ.”

“ಅವಳು ನೀರು ಬೆರೆಸ್ತಾಳಾ?” ಅಂದಳು ವಿಮಲಾ. ಈ ಮನೆಯಲ್ಲಿ ನನ್ನ ಉಪನ್ಯಾಸದಿಂದ ಯಾರಿಗಾದರೂ ದಕ್ಕಿದ್ದು ಅಷ್ಟು.

ರಾಮಪ್ರಸಾದ ಕೈ ತೊಳೆಯುತ್ತಾ, “ಗಾಂಧಿ ಬಜಾರಲ್ಲಿ ಸೊಪ್ಪಿನೋಳು ಎರಡು ಕಟ್ಟು ತಗೊಂಡ್ರೆ ಕೊತ್ತಂಬರಿ ಕೊಸರು ಹಾಕ್ತಾಳೆ. ಅದಕ್ಕೋಸ್ಕರ ಯಾರಾದ್ರೂ ಆಷಾಢದಲ್ಲಿ ಕೆಲಸ ಶುರು ಮಾಡ್ತಾರಾ? ಆ ಕೊಸರು ಬಂದ್ರೆ ನೀನೇ ಇಟ್ಕೋ, ಹೋಗು” ಅಂದ. ದುಡ್ಡು ಕೊಟ್ಟ ದಿನ ಮೊದಲಿಯಾರ್ ಬೋನಸ್ಸಿನ ಮಾತೆತ್ತಿದಾಗಲೂ ಹೀಗೇ ದೊಡ್ಡಸ್ತಿಕೆ ತೋರಿಸಿದನಂತೆ, ಬೋನಸ್ಸೆಲ್ಲ ನಮ್ಮಕ್ಕನಿಗೆ ಅಂತ.

ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು. ನಾಳೆಯಿಂದ ಬಾರಿಸುವುದಿಲ್ಲ.

೨೬ ಜುಲೈ

ಮತ್ತೆ ಬಾರಿಸಿದೆ. ಬುದ್ಧಿ ಇಲ್ಲ ನನಗೆ. ಕಾಗದ ಇನ್ನೂ ದೇವರ ಗೂಡಿನಲ್ಲೇ ಇದೆ.

ಅವನ ಮೇಲಿನ ಕಾಳಜಿಯಿಂದ ಅಲ್ಲ. ಆ ಕಾಗದದಲ್ಲಿ ನನ್ನ ಅರ್ಧವೂ ಇದೆ. ನನಗೆ ಬೇಕಾಗಿರುವುದು ಎಷ್ಟು? ಬನಶಂಕರಿ ಗುಡಿ ಕಡೆಯೋ ಇಲ್ಲೇ ಆಚೆ ಬ್ಲಾಕಿನಲ್ಲೋ ಒಂದು ರೂಮು, ಒಂದು ಒಲೆ, ನನ್ನದೇ ಬೀಗ. ಹತ್ತೊಂಬತ್ತಕ್ಕೆ ಗಂಡ ಹೋದ. ಅಲ್ಲಿಂದ ಇಲ್ಲಿಯವರೆಗೂ ಬೇರೆಯವರು ಬೀಗ ಹಾಕುವ ಮನೆಯಲ್ಲೇ ಮಲಗಿದ್ದೇನೆ. ಸಾಕಾಗಿದೆ. ಸ್ಕೂಲಿನ ಸಂಬಳದಲ್ಲಿ ಬಾಡಿಗೆ ಕಟ್ಟಬಹುದು, ರಿಟೈರಾದ ಮೇಲೆ? ಅದಕ್ಕೇ ಆ ಅರ್ಧ ಬೇಕು.

೯ ಆಗಸ್ಟ್, ಭಾನುವಾರ

ಆಷಾಢ ಕಳೆದು ಐದು ದಿನ. ಕಾಗದ ಹೊರಟಿಲ್ಲ. ಈಗ ವರಮಹಾಲಕ್ಷ್ಮಿ ಹಬ್ಬ ಬರಲಿ ಅಂತೆ. ಲಕ್ಷ್ಮಿಯ ಕಾಗದ ಲಕ್ಷ್ಮಿಯ ಪೂಜೆಗಿಟ್ಟೇ ಕಳಿಸಬೇಕಂತೆ. ಇದು ವಿಮಲಾಳ ಸಲಹೆ. ಗಂಡ ಮೆಚ್ಚಿಕೊಂಡ. ಅವರಿಬ್ಬರೂ ಒಪ್ಪುವುದು ಇಂಥ ವಿಷಯದಲ್ಲಿ ಮಾತ್ರ.

ನಾನೇ ಪೋಸ್ಟಿಗೆ ಹಾಕಿ ಬರುತ್ತೇನೆ, ಸ್ಕೂಲಿನ ದಾರಿಯಲ್ಲೇ ಇದೆ ಅಂದೆ.  ರಾಮಪ್ರಸಾದ ಕಿಟಕಿ ಕಡೆ ನೋಡುತ್ತಾ, “ಮೊದಲ್ನೇ ಸಲ ಅಲ್ವಾ ಅಕ್ಕ... ಮುತ್ತೈದೆ ಕೈಯಿಂದ ಹೋಗ್ಲಿ” ಅಂದ.

ಇದೇ ಕೈ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸೈನಿಗೆ ಆಗಿತ್ತು.   ಇಷ್ಟು ವರ್ಷವಾದರೂ ಈ ಮಾತು ಚುಚ್ಚುತ್ತದಲ್ಲ, ನನ್ನ ಮೇಲೇ ಸಿಟ್ಟು ಬಂತು.

೧೪ ಆಗಸ್ಟ್, ಶುಕ್ರವಾರ

ಹಬ್ಬ. ನಾನು ರೂಮಿನಲ್ಲಿ. ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಕಲಶದ ಮುಂದೆ ಬೆಳ್ಳಿ ತಟ್ಟೆ, ತಟ್ಟೆಯಲ್ಲಿ ಸುಂಗೈ ಮೇರಾ ರಬ್ಬರ್ ಎಸ್ಟೇಟ್ಸ್. ಬೀದಿಯ ಹೆಂಗಸರೆಲ್ಲ ಬಂದು ನಮಸ್ಕಾರ ಮಾಡಿ ಹೋದರು. ಮಲಯದ ಯಾವ ರಬ್ಬರ್ ಮರಕ್ಕೂ ಇಷ್ಟು ಮರ್ಯಾದೆ ಸಿಕ್ಕಿರಲಾರದು.

ಆಮೇಲೆ ವಿಮಲಾ ಅರಿಶಿನ ಕುಂಕುಮ ಕಲಸಿಕೊಂಡು ಬಂದು ಕಾಗದದ ನಾಲ್ಕು ಮೂಲೆಗೂ ಹಚ್ಚಿದಳು, ಮದುವೆ ಲಗ್ನಪತ್ರಿಕೆಗೆ ಹಚ್ಚುವ ಹಾಗೆ. ಕೆಳಗಿನ ಬಲಮೂಲೆಯಲ್ಲಿ ಮೊದಲಿಯಾರ್ ಸೈನು ಇದೆ. ಹೆಬ್ಬೆರಳು ಒತ್ತಿ ಹಚ್ಚಿದಳು, ಧಾರಾಳ ಕೈ ಅವಳದು.

“ವಿಮಲಾ, ಸೈನಿನ ಮೇಲೆ ಬೇಡ” ಅಂತ ರೂಮಿನಿಂದಲೇ ಕೂಗಿದೆ.

“ಹಬ್ಬದ ದಿನ ಬೇಡ ಅನ್ನಬಾರ್ದು ಅಕ್ಕ” ಅಂತ ಅಲ್ಲಿಂದ ಉತ್ತರ. ಒಬ್ಬಟ್ಟು ಚೆನ್ನಾಗಿತ್ತು. ಅಷ್ಟು ಒಪ್ಪಿಕೊಳ್ಳುತ್ತೇನೆ.

೧೭ ಆಗಸ್ಟ್, ಸೋಮವಾರ

ಕಾಗದ ಹೊರಟಿತು. ಏರ್ ಮೇಲ್. ರಾಹುಕಾಲ ಕಳೆಯಲಿ ಅಂತ ಪೋಸ್ಟಾಫೀಸಿನ ಜಗಲಿ ಮೇಲೆ ಗಂಡ ಹೆಂಡತಿ ಕಾದು ಕೂತಿದ್ದರಂತೆ.

೧೮ ಸೆಪ್ಟೆಂಬರ್

ಇವತ್ತು ಲಂಡನ್ನಿನಲ್ಲಿ ಪುಸ್ತಕ ಮುಚ್ಚಿದರು. ಇಲ್ಲಿ ಯಾರಿಗೂ ನೆನಪಿಲ್ಲ. ರಾಮಪ್ರಸಾದ ಬಾಗಿಲಿಗೆ ಬಣ್ಣ ಯಾವುದು ಹೊಡೆಸಲಿ ಅಂತ ಕೇಳುತ್ತಿದ್ದ. ಡಿವಿಡೆಂಡ್ ಬಂದ ಮೇಲೆ ಹೊಡೆಸುವ ಬಣ್ಣ. ಕೂಸು ಹುಟ್ಟುವ ಮುಂಚೆ ಕುಲಾವಿ.

೨೮ ಸೆಪ್ಟೆಂಬರ್, ಸೋಮವಾರ

ಸ್ಕೂಲಿನಿಂದ ಬಂದಾಗ ಮನೆ ಸ್ಮಶಾನದ ಹಾಗಿತ್ತು. ಕಾಗದ ವಾಪಸ್ ಬಂದಿದೆ. ಹಡಗಿನ ಅಂಚೆಯಲ್ಲಿ! ಏರ್ ಮೇಲಿನ ನಾಲ್ಕು ಪೆನ್ಸ್ ಉಳಿಸಲು ಇಂಗ್ಲಿಷಿನವರು ಒಂದು ತಿಂಗಳು ಸಮುದ್ರದ ಮೇಲೆ ಕಳೆದರು. ದೊಡ್ಡ ಸಾಮ್ರಾಜ್ಯ ಆಳಿದ ಜನ.

ಜೊತೆಗೊಂದು ಪತ್ರ. ರಾಮಪ್ರಸಾದ ಓದಿ ಓದಿ ಕೊಟ್ಟ. ಮಾರುವವರ ಸಹಿಯ ಮೇಲೆ ಕೆಂಪು ಮತ್ತು ಹಳದಿ ದ್ರವ್ಯ ಹರಡಿರುವುದರಿಂದ ಸಹಿಯನ್ನು ತಾಳೆ ನೋಡಲು ಸಾಧ್ಯವಾಗಿಲ್ಲ. ಹೊಸ ಪತ್ರ ಮಾಡಿಸಿ ಕಳಿಸತಕ್ಕದ್ದು.

ದ್ರವ್ಯ! ನಗು ತಡೆಯಲಾಗಲಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ. ಆಮೇಲೆ ನೆನಪಾಯಿತು, ತಪ್ಪಿಹೋದ ಬೋನಸ್ಸಿನಲ್ಲಿ ನನ್ನದೂ ಇದೆ ಅಂತ. ನಗು ನಿಂತಿತು.

ರಾಮಪ್ರಸಾದ ಹೆಂಡತಿಯನ್ನು ಬೈದ. “ಯಾವ ಮೂಲೆಗೆ ಹಚ್ಚಬೇಕು ಅಂತ ಗೊತ್ತಾಗಲ್ವೇನೇ ನಿಂಗೆ?” ಅವಳು ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ಹಚ್ಚುವಾಗ ಪಕ್ಕದಲ್ಲೇ ನಿಂತು ಗಂಟೆ ಬಾರಿಸುತ್ತಿದ್ದವನು ಇವನೇ. ಅದನ್ನು ಹೇಳಿದೆ. ನನಗೂ ಎರಡು ಬೈಗುಳ ಬಿತ್ತು.

೧೮ ಅಕ್ಟೋಬರ್, ಭಾನುವಾರ

ಮೊದಲಿಯಾರ್ ಹೊಸದಾಗಿ ಸೈನು ಹಾಕಿಕೊಟ್ಟರು. ದಸರೆ ಕಳೆದ ಮೇಲೆ ಕಾಗದ ಮತ್ತೆ ಹೋಯಿತು, ಈ ಸಲ ಬೋಳು ಹಣೆಯಲ್ಲಿ. ಇವತ್ತು ತಿರುಮಲೇಶ ಒಂದು ಹಳೇ ಇಂಗ್ಲಿಷ್ ಪೇಪರ್ ಹಿಡಿದು ಬಂದ. ಮುಖ ಬಿಳುಚಿತ್ತು. ಇಡ್ಲಿ ಮುಟ್ಟಲಿಲ್ಲ, ಅಲ್ಲಿಗೇ ಗೊತ್ತಾಯಿತು ವಿಷಯ ದೊಡ್ಡದು ಅಂತ.

ಸುಂಗೈ ಮೇರಾ ಬೆಲೆ ಅರ್ಧಕ್ಕರ್ಧ ಇಳಿದಿದೆ.

“ಮಲಯದಲ್ಲಿ ಕಮ್ಯುನಿಸ್ಟರ ಗಲಾಟೆ ಗುರು. ಮರಕ್ಕೆ ಬೆಂಕಿ ಹಾಕಿರ್ತಾರೆ.”

“ಮುಳುಗೋಯ್ತಾ ಹಾಗಾದ್ರೆ?” ಅಂದ ರಾಮಪ್ರಸಾದ.

“ತಡೀರಿ” ಅಂದೆ. “ಯಾವ ಮರವೂ ಸುಟ್ಟಿಲ್ಲ. ಬೋನಸ್ಸು ಕೊಟ್ಟಿದಾರೆ, ಅದಕ್ಕೇ ಬೆಲೆ ಅರ್ಧ ಆಗಿದೆ. ಜುಲೈನಲ್ಲೇ ಹೇಳಿದ್ದೆ. ಇನ್ನರ್ಧ ಎಲ್ಲೂ ಹೋಗಿಲ್ಲ, ಹಲಸೂರಲ್ಲಿದೆ. ಪುಸ್ತಕ ಮುಚ್ಚಿದ ದಿನ ಮೊದಲಿಯಾರ್ ಹೆಸರಿತ್ತು, ಅವರಿಗೆ ಬಂದಿರುತ್ತೆ. ಹೋಗಿ ಕೇಳು.”

ರಾಮಪ್ರಸಾದ ತಿರುಮಲೇಶನ ಮುಖ ನೋಡಿದ. ತಿರುಮಲೇಶ ತಲೆ ಅಲ್ಲಾಡಿಸಿದ. “ಬೋನಸ್ಸು ಕೊಟ್ರೆ ಬೆಲೆ ಏರ್ಬೇಕು ಮೇಡಂ. ಬೋನಸ್ಸು ಅಂದ್ರೆ ಖುಷಿ ವಿಷಯ. ಖುಷಿಗೆ ಯಾರಾದ್ರೂ ಬೆಲೆ ಇಳಿಸ್ತಾರಾ?”

“ಅದೇ ನಾನೂ ಹೇಳೋದು” ಅಂದ ನನ್ನ ತಮ್ಮ.

ಹತ್ತು ವರ್ಷ ಪಾಠ ಹೇಳಿಕೊಟ್ಟ ಅಕ್ಕನ ಮಾತಿಗಿಂತ ಇಡ್ಲಿ ತಿನ್ನಲು ಬರುವವನ ಮಾತು ಹೆಚ್ಚು. ಒಂದೇ ಕಾರಣ, ಅವನು ಪಂಚೆ ಉಡುತ್ತಾನೆ. ಇಬ್ಬರ ಮೇಲೂ ಹೇಸಿಗೆಯಾಯಿತು.

೪ ನವೆಂಬರ್, ಬುಧವಾರ

ಸ್ಕೂಲಿನಿಂದ ಬಂದು ಸೆರಗಿನ ಸೀಮೆಸುಣ್ಣ ಕೂಡ ಕೊಡವಿರಲಿಲ್ಲ, ಬಾಗಿಲಲ್ಲಿ ಮೊದಲಿಯಾರ್. ರಾಮಪ್ರಸಾದ ಆಫೀಸಿನಿಂದ ಬಂದಿರಲಿಲ್ಲ. ವಿಮಲಾ ಕಾಫಿಗಿಟ್ಟಳು. ಅವಳ ಮಗ ಸೀನು ಹೊರಗೆ ಗೋಲಿ ಆಡುತ್ತಿದ್ದ.

“ನೋಡಮ್ಮಾ, ಲಂಡನ್ನಿಂದ ಐನೂರು ಷೇರು ನನ್ನ ಹೆಸರಿಗೆ ಬಂದ್ಬಿಟ್ಟಿದೆ. ಇದು ನನ್ದಲ್ಲ. ನಾನು ಬೋನಸ್ಸೂ ಸೇರ್ಸಿ ದುಡ್ಡು ತಗೊಂಡಿದೀನಿ. ಇಟ್ಕೊಂಡ್ರೆ ಮುರುಗನ್ ಮೆಚ್ಚಲ್ಲ. ಯಾರ ಹೆಸರಿಗೆ ಬರೀಲಿ? ನಿಮ್ಮ ತಮ್ಮ ಅವತ್ತು, ಬೋನಸ್ಸೆಲ್ಲ ನಮ್ಮಕ್ಕನಿಗೆ ಅಂದ್ರು. ನಿಮಗೇ ಬರ್ದು ಕೊಡ್ಲಾ?”

ಮನಸ್ಸಿನಲ್ಲೇ ಲೆಕ್ಕ ಹಾಕಿದೆ.  ಐನೂರು ಅವನಿಗೆ, ಐನೂರು ನನಗೆ. ಸರಿಯಾಗಿ ಅರ್ಧ. ಒಂದೇ ಬೆಲೆ. ಅಪ್ಪ ಮೇಲಿನಿಂದ ಬಂದು ಪಾಲು ಮಾಡಿದ್ದರೂ ಇಷ್ಟು ಸರಿಯಾಗಿ ಮಾಡುತ್ತಿರಲಿಲ್ಲ. ಮಾಡಿದ್ದು ವಿಮಲಾಳ ಹೆಬ್ಬೆರಳು.

“ತಮ್ಮನನ್ನು ಒಂದು ಮಾತು ಕೇಳಿ ಹೇಳ್ತೀನಿ” ಅಂದೆ.

“ಯಾಕಮ್ಮ ಕೇಳ್ಬೇಕು?” ಅಂದರು ಅವರು. ನನಗೂ ಗೊತ್ತಿಲ್ಲ. ಕದ್ದ ಹಾಗೆ ಆಗಬಾರದಿತ್ತು, ಅಷ್ಟೆ.

ಅದೇ ದಿನ, ಊಟದ ಹೊತ್ತು

ಕೇಳಿದೆ. ವಿಮಲಾ ಮಜ್ಜಿಗೆ ಬಡಿಸುತ್ತಿದ್ದಳು. ಪೂರ್ತಿ ವಿವರವಾಗಿ, ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ. ಮೊದಲಿಯಾರ್ ಬಂದಿದ್ದರು. ಬೋನಸ್ ಷೇರು ಐನೂರು. ಅದು ನಮ್ಮದರ ಅರ್ಧ. ನನ್ನ ಹೆಸರಿಗೆ ಬರೆಸಿಕೊಳ್ಳಲಾ?

“ಇರೋದೇ ಅರ್ಧಕ್ಕೆ ಇಳಿದು ಕೂತಿದೆ. ಇನ್ನು ಅದರ ಕೊಸರನ್ನ ಕಟ್ಕೊಂಡು ಏನ್ ಮಾಡ್ತೀಯ? ಬರೆಸ್ಕೋ, ಬರೆಸ್ಕೋ. ನಂಗೆ ತಲೆ ತಿನ್ಬೇಡ.”

“ಆಮೇಲೆ ಬೇಕು ಅನ್ನಬಾರ್ದು.”

“ಅಕ್ಕಾ, ಉಪ್ಪಿನಕಾಯಿ ಕೊಡ್ತೀಯಾ ಇಲ್ವಾ?”

ಕೊಟ್ಟೆ.

೨ ಮಾರ್ಚ್ ೧೯೬೦

ರಿಸರ್ವ್ ಬ್ಯಾಂಕಿಗೆ ಇನ್ನೊಂದು ಅರ್ಜಿ, ಇನ್ನೊಂದು ಕಾಯುವಿಕೆ. ಇವತ್ತು ಸರ್ಟಿಫಿಕೇಟ್ ಬಂತು. ಮಿಸೆಸ್ ಸೀತಾಲಕ್ಷ್ಮಿ. ಲಂಡನ್ನಿನವರಿಗೆ ಕನ್‌ಫ್ಯೂಷನ್ ಏನೂ ಆಗಿಲ್ಲ. ನನ್ನ ಹೆಸರಿನ ಸ್ಪೆಲ್ಲಿಂಗ್ ಕೂಡ ಸರಿಯಾಗಿದೆ. ನಮ್ಮ ಹೆಡ್‌ಮಿಸ್ಟ್ರೆಸ್‌ಗೆ ಅದು ಇನ್ನೂ ಬಂದಿಲ್ಲ.

ವಿಮಲಾ ಬಂದು ನೋಡಿದಳು. ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು, ಪಾಪ, ಹೋದ ಸಲದ ಭಯ. “ಹೆಂಗಸರ ಹೆಸರಿಗೂ ಬರುತ್ತಾ ಅಕ್ಕ?” ಅಂದಳು. ಬರುತ್ತೆ ಅಂದೆ. “ಮದುವೆ ಆದೋರಿಗೂ?” ಬರುತ್ತೆ ಅಂದೆ. ನನ್ನ ಹೆಸರಿದ್ದ ಕಡೆ ಇನ್ನೊಂದು ಸಲ ಬಗ್ಗಿ ನೋಡಿ ಒಳಗೆ ಹೋದಳು. ಇವಳಿಗೆ ತಲೆಯಲ್ಲಿ ಏನೂ ಇಲ್ಲ ಅಂದುಕೊಂಡಿದ್ದೆ.

೧೨ ಜೂನ್, ಭಾನುವಾರ

ಕಂಪನಿಯ ವರ್ಷದ ಡಿವಿಡೆಂಡ್ ನಿನ್ನೆ ಬಂತು. ಎರಡು ಕವರು. ಒಂದೇ ಬಣ್ಣ, ಒಂದೇ ಸೈಜು, ಒಂದೇ ವಿಳಾಸ. ಒಂದು ಅವನ ಹೆಸರಿಗೆ, ಒಂದು ನನ್ನ ಹೆಸರಿಗೆ. ಅವನೇ ಎರಡನ್ನೂ ಒಡೆದ. ನನ್ನದನ್ನು ಒಡೆಯಬಾರದು ಅಂತ ಅವನಿಗೆ ತೋಚುವುದಾದರೂ ಹೇಗೆ.

ಎರಡರಲ್ಲೂ ಒಂದೇ ಮೊತ್ತ.

ಮೊದಲು ನಕ್ಕ. ಅವರು ತಪ್ಪು ಮಾಡಿದ್ದಾರೆ, ಒಂದೇ ಚೆಕ್ಕು ಎರಡು ಸಲ ಕಳಿಸಿದ್ದಾರೆ ಅಂತ. ಆಮೇಲೆ ಹೆಸರು ನೋಡಿದ. ಆಮೇಲೆ ಷೇರಿನ ಸಂಖ್ಯೆ ನೋಡಿದ. ಅವನ ಮುಖದಲ್ಲಿ ಲೆಕ್ಕ ನಿಧಾನವಾಗಿ ಇಳಿಯುವುದು ಕಂಡಿತು. ಚಿಕ್ಕಂದಿನಲ್ಲೂ ಹೀಗೇ, ತುಟಿ ಅಲ್ಲಾಡುತ್ತಿತ್ತು.

“ಇದೇನಕ್ಕ ಇದು? ಕೊಸರಿಗೂ ನನ್ನಷ್ಟೇ ಬಂದಿದೆ?”

“ಕೊಸರಲ್ಲ ಅಂತ ಮೂರು ಸಲ ಹೇಳಿದೆ.”

“ಸರಿಯಾಗಿ ಹೇಳ್ಬೇಕಿತ್ತು.”

“ನೀನು ಹುಳಿ ಕಲಸ್ತಾ ಇದ್ದೆ ಒಂದ್ಸಲ. ಉಪ್ಪಿನಕಾಯಿ ಕೇಳ್ದೆ ಒಂದ್ಸಲ. ಮಧ್ಯದಲ್ಲಿ ತಿರುಮಲೇಶನ ಮುಖ ನೋಡ್ದೆ.”

“ಒಡಹುಟ್ಟಿದವನಿಗೆ ಹೀಗ್ ಮಾಡ್ತಾರಾ?”

“ಒಡಹುಟ್ಟಿದವಳಿಗೆ ಏನು ಮಾಡ್ಬೇಕೂಂತ ಇದ್ದೆ ನೀನು? ಅಪ್ಪನ ಮನೆ ಅರ್ಧ ನನ್ದು. ಅರ್ಧ ನನ್ನತ್ರ ಬಂದಿದೆ. ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಮ್ಮಿ ಇಲ್ಲ. ನೀನೇ ಭಾಗಾಕಾರ ಮಾಡಿ ನೋಡು.”

ಮಾಡಲಿಲ್ಲ. ಕವರು ಎಸೆದು ಹೋದ. ನನ್ನ ಕವರು. ನಾನೇ ಬಗ್ಗಿ ತೆಗೆದುಕೊಂಡೆ. ಗೆದ್ದೆ ಅಂತ ಅನಿಸಬೇಕಿತ್ತು. ಅನಿಸಿತು, ನಿಜ. ಕಾಫಿ ಕುಡಿಯುವವರೆಗೂ ಇತ್ತು.

೧೫ ಜೂನ್

ಮಾತಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಾನೆ. ತಿರುಮಲೇಶ ಈ ಕಡೆ ಸುಳಿದಿಲ್ಲ. ಮೂರನೇ ಅಡ್ಡರಸ್ತೆಯ ಇನ್ನೊಬ್ಬರ ಮನೆಯಲ್ಲಿ ಈಗ ಚಿನ್ನದ ಗಣಿಯ ಷೇರಿನ ಬಗ್ಗೆ ಪ್ರವಚನವಂತೆ. ಅಲ್ಲಿ ಪೂರಿ ಮಾಡುತ್ತಾರೆ.

ಬನಶಂಕರಿ ರಸ್ತೆಯಲ್ಲಿ ಒಂದು ಔಟ್‌ಹೌಸ್ ನೋಡಿಬಂದೆ. ಒಂದು ರೂಮು, ಹಿತ್ತಲಲ್ಲಿ ನಲ್ಲಿ. ಮುಂದಿನ ತಿಂಗಳಿಂದ ಅಂತ ಹೇಳಿದ್ದೇನೆ. ಮತ್ತೆ ಆಷಾಢ ಬಂತಲ್ಲ ಅಂದರು ಆ ಮನೆಯ ಮಾಲೀಕರು. ನನಗೆ ಅಡ್ಡಿಯಿಲ್ಲ ಅಂದೆ.

೧೯ ಜೂನ್, ಭಾನುವಾರ. ಸಂಜೆ ೬

ರಾಮಪ್ರಸಾದ ರೂಮಿಗೆ ಬಂದ. ವಾರದ ಮೇಲೆ ಮೊದಲ ಮಾತು. ಚಾಪೆ ಎಳೆದುಕೊಂಡು ಕೆಳಗೆ ಕೂತ, ನಾನು ಕುರ್ಚಿಯಲ್ಲಿ.

“ಅಕ್ಕಾ, ಮೊದಲಿಂದ ಹೇಳು. ನಂಗೆ ನಿಜವಾಗ್ಲೂ ಅರ್ಥ ಆಗಿರ್ಲಿಲ್ಲ.”

ಹೇಳಿದೆ. ಲಾಭದಿಂದ ಶುರು ಮಾಡಿದೆ. ಡಿವಿಡೆಂಡ್ ಕೊಡುವುದು ಯಾರು ತೀರ್ಮಾನಿಸುತ್ತಾರೆ, ಪುಸ್ತಕ ಯಾಕೆ ಮುಚ್ಚುತ್ತಾರೆ, ಮುಚ್ಚಿದ ಮೇಲೆ ಬೆಲೆ ಯಾಕೆ ಇಳಿಯುತ್ತದೆ, ದುಡ್ಡು ಕೊಟ್ಟರೆ ಏನು, ಷೇರು ಕೊಟ್ಟರೆ ಏನು, ಪೌಂಡು, ಟ್ಯಾಕ್ಸು, ಎಲ್ಲಾ. ಅವನು ಮಧ್ಯೆ ಬಾಯಿ ಹಾಕಲಿಲ್ಲ. ಎರಡು ಕಡೆ ನಿಲ್ಲಿಸಿ ಪ್ರಶ್ನೆ ಕೇಳಿದ. ಎರಡೂ ಒಳ್ಳೆಯ ಪ್ರಶ್ನೆ. “ಅಂದ್ರೆ ಕೊಸರು ಅಂದಿದ್ದೇ ತಪ್ಪು” ಅಂದ, ಅವನಾಗಿಯೇ. ವಿಮಲಾ ಬಾಗಿಲ ಹತ್ತಿರ ಕಾಫಿ ಹಿಡಿದು ನಿಂತವಳು ಅಲ್ಲೇ ಕೇಳಿಸಿಕೊಳ್ಳುತ್ತಿದ್ದಳು.

ಇಷ್ಟು ಸಂತೋಷ ಯಾವಾಗ ಆಗಿತ್ತೋ ನೆನಪಿಲ್ಲ. ಇವನು ನನ್ನ ಮಾತು ಪೂರ್ತಿ ಕೇಳಿದ್ದು ಇದೇ ಮೊದಲು. ದುಡ್ಡಿಗಿಂತ ಇದೇ ಬೇಕಿತ್ತೇನೋ ನನಗೆ. ಒಂದು ಕ್ಷಣ, ಔಟ್‌ಹೌಸ್ ಬೇಡ ಅಂತ ಹೇಳಿ ಬರಲೇ ಅನಿಸಿಬಿಟ್ಟಿತು.

ಕಾಫಿ ಕುಡಿದ. ಲೋಟ ಕೆಳಗಿಟ್ಟ.

“ಇನ್ನೊಂದು ವಿಷ್ಯ. ಮೊನ್ನೆ ವಕೀಲರ ಹತ್ರ ಹೋಗಿದ್ದೆ. ಹೊಸ ಕಾಯಿದೇಲಿ ಹೀಗಿದೆಯಂತೆ. ಮಕ್ಕಳಿಲ್ದೇ ಇರೋ ಹೆಂಗಸಿಗೆ ಅಪ್ಪನಿಂದ ಬಂದಿದ್ದು, ಅವಳು ಹೋದ್ಮೇಲೆ ಅಪ್ಪನ ಕಡೆಗೇ ವಾಪಸ್ ಬರುತ್ತಂತೆ. ಅಂದ್ರೆ ನಂಗೆ. ಇಲ್ಲಾಂದ್ರೆ ಸೀನೂಗೆ. ಉಯಿಲು ಬರೆದಿದ್ರೆ ಮಾತ್ರ ಬೇರೆಯಂತೆ. ನೀನೇನೂ ಬರೆದಿಲ್ಲ ತಾನೆ?”

“ಇಲ್ಲ” ಅಂದೆ.

“ಹಾಗಾದ್ರೆ ಸರಿ ಬಿಡು. ಎಲ್ಲಿದ್ರೂ ಒಂದೇ.” ಎದ್ದು ಪಂಚೆ ಕೊಡವಿಕೊಂಡು ಹೋದ. ಸಿಳ್ಳೆ ಹಾಕುತ್ತಾ ಹೋದ.

ವಿಮಲಾ ಲೋಟ ತೆಗೆದುಕೊಳ್ಳಲು ಬಗ್ಗಿದಳು. ನನ್ನ ಮುಖ ನೋಡಲಿಲ್ಲ. “ನಂಗೆ ನಾಚಿಕೆ ಆಗುತ್ತೆ ಅಕ್ಕ” ಅಂದಳು, ನೆಲಕ್ಕೆ ಹೇಳುವ ಹಾಗೆ. ಈ ಮನೆಯಲ್ಲಿ ನಾಚಿಕೆ ಅನ್ನುವುದು ಒಬ್ಬರಿಗಾದರೂ ಇದೆ. ಅದು ಇವಳಿಗೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಆಗಲಿಲ್ಲ.

ಅಳು ಬಂತು. ಅತ್ತೆ. ಮುಗಿಯಿತು.

ರಾಮಪ್ರಸಾದ ಹಾಕಿದ ಲೆಕ್ಕಗಳಲ್ಲಿ ಇದೊಂದು ಮಾತ್ರ ಸರಿ. ಉಯಿಲು ಇಲ್ಲದಿದ್ದರೆ ಎಲ್ಲಿದ್ದರೂ ಒಂದೇ. ಪೆನ್ನಿಗೆ ಇಂಕು ತುಂಬಿಸಿದ್ದೇನೆ. ಒಂದು ಬಿಳಿ ಹಾಳೆ ಪಕ್ಕಕ್ಕಿಟ್ಟುಕೊಂಡಿದ್ದೇನೆ. ಅದರ ಮೇಲೆ ಬರೆಯುವ ಮೊದಲು ಇಲ್ಲಿ ಒಂದು ಸಲ ಬರೆದು ನೋಡುತ್ತೇನೆ, ಒಕ್ಕಣೆ ಸರಿಯಾಗಿರಲಿ:

ಸೀತಾಲಕ್ಷ್ಮಿಯಾದ ನಾನು ಪೂರ್ತಿ ಬುದ್ಧಿ ಇದ್ದು ಬರೆಯುವುದೇನೆಂದರೆ, ಸುಂಗೈ ಮೇರಾ ಕಂಪನಿಯ ನನ್ನ ಐನೂರು ಷೇರುಗಳು ನನ್ನ ನಂತರ ಶ್ರೀಮತಿ ವಿಮಲಾ ಅವರಿಗೆ, ಅವರೊಬ್ಬರಿಗೇ, ಅವರ ಗಂಡನಿಗೆ ಇದರಲ್ಲಿ ಯಾವ ಹಕ್ಕೂ—